ಖಾಲಿ ಹೊಟ್ಟೆಯಲ್ಲೇ ಕರೆತನ್ನಿ

ತಿನ್ನದ ಮಕ್ಕಳಿಗೆ ತಿನ್ನಲು ಕಲಿಸುವ ಥೆರಪಿಯ ಮೇಡಂ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಮಗು ಖಾಲಿ ಹೊಟ್ಟೆಯಲ್ಲಿ ಬರಬೇಕು. ಅವಳ ಮುಂದೆ ಅಪ್ಪ ಅಮ್ಮ ಯಾವ ತಿಂಡಿಯನ್ನೂ ಬೇಡ ಅನ್ನಬಾರದು. ಪಾಪ, ಆ ಮೇಡಂ ಇವರ ಬಿಲ್ಡಿಂಗಿನ ಜನರನ್ನು ನೋಡಿರಲಿಲ್ಲ.

ಮಗಳು ಬ್ರೆಡ್ಡು, ಹಾಲಿನಂಥ ಬೆಳ್ಳಗಿನದನ್ನು ಬಿಟ್ಟರೆ ಬೇರೇನನ್ನೂ ಬಾಯಿಗಿಡುವವಳಲ್ಲ. ಬ್ರೆಡ್ಡಿಗೆ ಕಂದು ಅಂಚಿದ್ದರೂ ತುಟಿ ಹೊಲಿದುಕೊಂಡವಳಂತೆ ಕೂತುಬಿಡುತ್ತಾಳೆ. ಡಬ್ಬಿ ಊಟ ಮಾಡದ ಮಗುವನ್ನು ಥೆರಪಿಗೆ ಸೇರಿಸದ ಹೊರತು ಪೂರ್ತಿ ದಿನ ಇಟ್ಟುಕೊಳ್ಳುವುದಿಲ್ಲ ಎಂದು ಶಾಲೆಯವರು ಖಡಾಖಂಡಿತವಾಗಿ ಹೇಳಿದ್ದರು. ಸೇರದಿದ್ದರೆ ಗಂಡಹೆಂಡಿರಲ್ಲಿ ಒಬ್ಬರು ಕೆಲಸ ಬಿಡಬೇಕು. ಅದು ಯಾರೆಂದು ನರ್ಸ್ ಆಗಿದ್ದ ಹೆಂಡತಿ ಆಗಲೇ ತೀರ್ಮಾನಿಸಿದ್ದಳು. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಅಪ್ಪನಿಗೋ ಆ ಕೆಲಸವೆಂದರೆ ಪ್ರಾಣ. ಅಲ್ಲಿ ಯಾರಿಗೂ 'ಆ ಅನ್ನು, ಆ ಅನ್ನು' ಎಂದು ಗೋಗರೆಯಬೇಕಾಗಿರಲಿಲ್ಲ.

"ಇವತ್ತು ಮೇಡಂ ಇವಳನ್ನ ಥೆರಪಿಗೆ ಸೇರಿಸ್ಕೊಳ್ಳಲಿಲ್ಲ ಅಂದ್ರೆ ನೀವು ಅಂಗಡಿ ಬಿಡೋದೇ ಸೈ" ಎಂದು ಹೇಳಿ ಹೆಂಡತಿ ಡ್ಯೂಟಿಗೆ ಹೊರಟಳು.

ಅಪ್ಪ ಮಗಳಿಗೆ ಶೂ ಹಾಕುತ್ತಿದ್ದಾಗ ಎದುರುಮನೆ ಆಂಟಿ ತಟ್ಟೆ ಹಿಡಿದು ಒಳಗೇ ಬಂದರು.

"ಮಗೂನ ಉಪವಾಸ ಕೆಡವಿದ್ದೀರಂತೆ. ಕೇಕ್ ತಂದಿದೀನಿ. ಮೇಲೆ ಕೆಳಗೆ ಎಲ್ಲಾ ಬಿಳೀನೇ, ತಿಂತಾಳೆ ಬಿಡಿ."

ಮಗಳ ಕಣ್ಣು ಅರಳಿತು. ಅವಳು ತಿಂದರೆ ಹೊಟ್ಟೆ ತುಂಬುತ್ತದೆ, ಇವನು ಬೇಡ ಅಂದರೆ ಮೇಡಂ ಮಾತು ಮುರಿದಂತೆ. "ನಂಗೆ ಕೇಕ್ ಅಂದ್ರೆ ಪಂಚಪ್ರಾಣ ಆಂಟಿ" ಎಂದು ಅಪ್ಪ ತಟ್ಟೆ ಕಸಿದು, ಪೂರ್ತಿ ಕೇಕನ್ನು ನಿಂತಲ್ಲೇ ಮುಗಿಸಿದ. ಆಂಟಿ ಅವನನ್ನು ಬರಗಾಲದಲ್ಲಿ ಹುಟ್ಟಿದವನೇನೋ ಎಂಬಂತೆ ನೋಡಿದರು.

ಮೆಟ್ಟಿಲಲ್ಲಿ ರಿಟೈರಾದ ಮೇಷ್ಟ್ರು ಅಡ್ಡ ನಿಂತಿದ್ದರು. ಊರ ಉಸಾಬರಿಯೆಲ್ಲ ಅವರಿಗೇ ಬೇಕು.

"ಥೆರಪಿ ಗಿರಪಿ ಯಾಕಪ್ಪಾ? ಬೇಯಿಸಿದ ಮೊಟ್ಟೆ ಕೊಡು. ನಮ್ಮ ಮಕ್ಕಳೆಲ್ಲ ಇದರಲ್ಲೇ ಬೆಳೆದ್ವು" ಎನ್ನುತ್ತಾ ಜೇಬಿನಿಂದ ಎರಡು ಮೊಟ್ಟೆ ತೆಗೆದು ಸುಲಿದರು. ಹಾಳಾದ್ದು, ಮೊಟ್ಟೆಯೂ ಬೆಳ್ಳಗೇ ಇತ್ತು. ಅಪ್ಪನಿಗೆ ಮೈಯೆಲ್ಲ ಉರಿಯಿತು. ಆದರೂ ಎರಡನ್ನೂ ಬಾಯಿಗೆ ತುರುಕಿಕೊಂಡು "ಬಹಳ ಚೆನ್ನಾಗಿದೆ ಸಾರ್" ಎಂದು ಕಣ್ಣಲ್ಲೇ ಹೇಳಿದ.

ಸುದ್ದಿ ಅಪ್ಪ ಮಗಳಿಗಿಂತ ಮೊದಲೇ ಬೀದಿಗಿಳಿದಿತ್ತು. ಬೇಕರಿಯವನು ಗಲ್ಲಾ ಬಿಟ್ಟು ಓಡಿಬಂದು ಕೆನೆ ತುಂಬಿದ ಬನ್ನು ಮುಂದೊಡ್ಡಿದ. ಅದೂ ಅಪ್ಪನ ಹೊಟ್ಟೆಗೇ ಹೋಯಿತು. ಇವರಿಗೆಲ್ಲ ಬೇರೆ ಕೆಲಸವೇ ಇಲ್ಲವೇ ಎಂದು ಬೈದುಕೊಳ್ಳಲೂ ಅವನಿಗೆ ಉಸಿರಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಮೇಡಂ ಎರಡು ತಟ್ಟೆ ಇಟ್ಟರು. ಎರಡರಲ್ಲೂ ಬೇಯಿಸಿದ ಕ್ಯಾರೆಟ್ಟು, ಬಟಾಣಿ, ಬೀಟ್‌ರೂಟು.

"ಮೊದಲು ಅಪ್ಪ ತಿಂದು ತೋರಿಸ್ಲಿ."

ಅಪ್ಪ ಕ್ಯಾರೆಟ್ ಬಾಯಿಗಿಟ್ಟ. ಅದು ಗಂಟಲವರೆಗೆ ಹೋಗಿ, ಒಳಗೆ ಜಾಗವಿಲ್ಲವೆಂದು ವಾಪಸು ಬಂತು. ಉಗುಳುವಂತಿಲ್ಲ, ಮಗಳು ನೋಡುತ್ತಿದ್ದಾಳೆ. ಕೆನ್ನೆ ಉಬ್ಬಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು, ಕಿವಿ ತಾನಾಗಿ ಅಲುಗಿತು. ಮಗಳು ಒಂದು ಕ್ಷಣ ದಿಟ್ಟಿಸಿ, ಬಾಯಿ ತೆರೆದು ನಕ್ಕಳು. ತೆರೆದ ಬಾಯಿಗೆ ಮೇಡಂ ಕ್ಯಾರೆಟ್ ಇಟ್ಟರು. ನಗುನಗುತ್ತಲೇ ಅವಳು ಅಗಿದು ನುಂಗಿದಳು.

"ಅಪ್ಪಾ, ಇನ್ನೊಂದ್ಸಲ ಮಾಡು."

ಇವನು ಬಟಾಣಿಯ ಜೊತೆ ಒದ್ದಾಡಿದ, ಅವಳು ಬಟಾಣಿ ತಿಂದಳು. ಅವಳ ತಟ್ಟೆ ಖಾಲಿಯಾದಾಗ ಅಪ್ಪನಿಗೆ ಅಳುವೇ ಬಂತು. ಕೆಲಸ ಉಳಿಯಿತು ಎಂಬ ಸಂತೋಷದ ಅಳು.

ಮೇಡಂ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. "ನಿಮ್ಮ ಮಗಳಿಗೆ ಥೆರಪಿ ಬೇಕಾಗಿಲ್ಲ. ನಾನು ಸೇರಿಸ್ಕೊಳ್ಳಲ್ಲ. ದಿನಾ ಮಧ್ಯಾಹ್ನ ಶಾಲೇಲಿ ನೀವು ಅವಳೆದುರು ಕೂತು ಹೀಗೇ ತಿಂದ್ರೆ ಸಾಕು. ಶಾಲೆಯವರೂ ಒಪ್ಪಿದ್ದಾರೆ."

"ಮಧ್ಯಾಹ್ನ ನಂಗೆ ಅಂಗಡಿ ಇರುತ್ತೆ ಮೇಡಂ."

"ನಿಮ್ಮ ಮನೆಯವರನ್ನೂ ಕೇಳಿದೆ. ಇವಳನ್ನ ಸೇರಿಸ್ಕೊಳ್ಳದಿದ್ರೆ ನೀವು ಅಂಗಡಿ ಬಿಡೋದು ಅಂತ ಮೊದಲೇ ಮಾತಾಗಿದೆಯಂತಲ್ಲ?"

ಅಪ್ಪ ಏನೋ ಹೇಳಹೊರಟ. ಬಾಯಲ್ಲಿನ್ನೂ ಬೀಟ್‌ರೂಟ್ ಇತ್ತು. ಮಗಳು ಅವನ ತೋಳು ಜಗ್ಗಿದಳು.

"ಅಪ್ಪಾ, ನಂಗೆ ಹಸಿವು. ನೀನು ಇನ್ನೊಂದು ತಟ್ಟೆ ತಿನ್ನು."