ದೊಡ್ಡಪ್ಪ ತೋರಿಸಿದ ಮೂಕಿ ಸಿನಿಮಾ

ನಮ್ಮ ದೊಡ್ಡಪ್ಪನ ಕಣ್ಣಿಗೆ ಬಿದ್ದವರು ಉದ್ಧಾರವಾಗದೆ ಉಳಿದದ್ದಿಲ್ಲ. ಉದ್ಧಾರವಾದ ಮೇಲೆ ಮತ್ತೆ ಅವರ ಕಣ್ಣಿಗೆ ಬಿದ್ದದ್ದೂ ಇಲ್ಲ! ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಇಡೀ ಗುಂಡ್ಲುಪೇಟೆಯೇ ಅವರ ತರಗತಿ. ಲಾರಿ ಡ್ರೈವರುಗಳಿಗೆ ಟೀ ಒಳ್ಳೆಯದಲ್ಲವೆಂದು ಟೀ ಅಂಗಡಿಯವನಿಂದಲೇ ರಾಗಿ ಅಂಬಲಿ ಕಾಯಿಸಿದರು. ಮೂರನೇ ದಿನ ಲಾರಿಗಳೆಲ್ಲ ಎದುರಿನ ಅಂಗಡಿ ಮುಂದೆ ನಿಂತವು. ಉಡಿಗಾಲ ಹಳ್ಳಿಯ ಮದುವೆಯೊಂದರಲ್ಲಿ ಅನ್ನ ಚೆಲ್ಲುವವರು ಯಾರೆಂದು ಪಂಕ್ತಿಯುದ್ದಕ್ಕೂ ಎಲೆ ತಪಾಸಣೆ ಮಾಡಿದರು. ಸಿಕ್ಕಿಬಿದ್ದವರು ಯಾರು ಅಂತೀರಿ? ಗಂಡಿನ ತಂದೆ! ಈಗ ಆ ಕಡೆಯ ಲಗ್ನಪತ್ರಿಕೆಗಳು ನಮಗೆ ತಲುಪುವುದು ಮದುವೆ ಮುಗಿದ ಮೇಲೆಯೇ.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸರು ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಇಷ್ಟು ಧೂಳಿನಲ್ಲಿ ಎಳೆಕೂಸೇ ಎಂದು ದೊಡ್ಡಪ್ಪ ಮಂಡಿ ಯಜಮಾನರಿಗೆ ಅರ್ಜಿ ಕೊಟ್ಟರು. ಇನ್ನು ಕೂಸುಗಳನ್ನು ಒಳಗೆ ತರಕೂಡದೆಂದು ಯಜಮಾನರು ಅಪ್ಪಣೆ ಮಾಡಿಯೇಬಿಟ್ಟರು. ಗೆದ್ದ ಹುಮ್ಮಸ್ಸಿನಲ್ಲಿ ದೊಡ್ಡಪ್ಪ, ಸುಧಾರಣೆ ಎಂದರೇನೆಂದು ಆ ಹೆಂಗಸರಿಗೆ ತಿಳಿಸಲು ಹಳೆಯ ವಿದೇಶಿ ಮೂಕಿ ಸಿನಿಮಾವೊಂದನ್ನು ಹುಡುಕಿದರು. ಬಡ ಕೂಲಿಗಳ ಕೇರಿಗೆ ಸಮಾಜ ಸುಧಾರಕಿಯರು ಬರುವವರೆಗೆ ನೋಡಿ, ಇದೇ ಬೇಕಾಗಿದ್ದದ್ದು ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಪೂರ್ತಿ ನೋಡಿ ಎಂದು ನಾನಾದರೂ ಹೇಳಬಾರದಿತ್ತೇ?

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಂಡಿಯ ಬಾಗಿಲು ಮುಚ್ಚಿ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಪ್ರೊಜೆಕ್ಟರ್ ನನ್ನದು, ಮಾತು ದೊಡ್ಡಪ್ಪನದು. ಟೋಪಿಯ ಸುಧಾರಕಿಯರು ಕಂಡದ್ದೇ ತಡ, ದೇವರಂಥವರು ಬಂದರು ನೋಡಿ ಎಂದರು ದೊಡ್ಡಪ್ಪ. ಆ ದೇವರಂಥವರು ನೆಟ್ಟಗೆ ಒಬ್ಬ ಬಡವಿಯ ಗುಡಿಸಲಿಗೆ ನುಗ್ಗಿ ಅವಳ ಮಡಿಲಿನ ಕೂಸನ್ನೇ ಕಿತ್ತುಕೊಂಡರು! ದೊಡ್ಡಪ್ಪ "ಪೋಲಿಯೋ ಅನಿ ಹಾಕ್ಸಕ್ಕೆ ಕರ್ಕಂಡೋಯ್ತಾವ್ರೆ" ಎಂದರು. ಮೂಕಿ ಸಿನಿಮಾ ತಾನೇ, ಏನು ಹೇಳಿದರೂ ನಡೆಯುತ್ತದೆ ಎಂದುಕೊಂಡರೋ ಏನೋ. ಆದರೆ ಪಂಚೆಯ ತುಂಬ ಆ ತಾಯಿಯ ಮುಖವಿತ್ತು. ಒಬ್ಬರೂ ನಂಬಲಿಲ್ಲ.

ತೆರಕಣಾಂಬಿಯಿಂದ ಕೆಲಸಕ್ಕೆ ಬರುವ ಒಬ್ಬಳು ಎದ್ದು ನಿಂತಳು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

"ಸುಳ್ಳೇಳ್ಬ್ಯಾಡಿ ಮೇಷ್ಟ್ರೇ. ನನ್ ಕೂಸು ಊರಲ್ಲಿ ಅಸ್ಕಂಡು ಅಳ್ತಾ ಅದೆ. ಇಲ್ಲಿ ಎದೆ ಆಲು ಸೋರೋಯ್ತಾ ಅದೆ. ಇದ ಮಾಡ್ದೋರು ನೀವೇಯ."

ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಆಫ್ ಮಾಡಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ.

ಅಂದೇ ಸಂಜೆ ದೊಡ್ಡಪ್ಪ ಯಜಮಾನರ ಬಳಿ ಹೋಗಿ ಅರ್ಜಿ ವಾಪಸ್ ಕೇಳಿದರು. ಕೂಸುಗಳಿಲ್ಲದೆ ಕೆಲಸ ಚುರುಕಾಗಿದೆ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಯಜಮಾನರು ನಕ್ಕು ಕಳಿಸಿದರಂತೆ. ಮರುದಿನ ದೊಡ್ಡಪ್ಪ ಮಂಡಿಯ ಹಿಂದಿನ ಬೀದಿಯಲ್ಲಿರುವ ತಮ್ಮ ಮನೆಯ ಪಡಸಾಲೆ ಖಾಲಿ ಮಾಡಿದರು. ಪುಸ್ತಕದ ಬೀರು ಹೊರಗೆ ಹೋಯಿತು, ಕೂಸುಗಳು ಒಳಗೆ ಬಂದವು. ದೊಡ್ಡಮ್ಮ ನೋಡಿಕೊಳ್ಳುತ್ತಾರೆ; ಬಿಡುವಾದಾಗ ತಾಯಂದಿರು ಬಂದು ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ನಾನು ಹೋದಾಗ ದೊಡ್ಡಪ್ಪ ತಮ್ಮದೇ ಮನೆಯ ಬಾಗಿಲಾಚೆ, ಉರಿಬಿಸಿಲಲ್ಲಿ, ಬೀದಿಗೆ ಮುಖ ಮಾಡಿ ನಿಂತಿದ್ದರು. ಒಳಗೆ ಹೋಗೋಣ ಬನ್ನಿ ಎಂದೆ. ಅಲುಗಲಿಲ್ಲ. ಆ ಬೆವರಿದ ಮುಖ ನೋಡಿ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

"ಮೆತ್ತಗ್ ಮಾತಾಡ್ಲಾ," ಎಂದರು. "ಒಳಗೆ ಕೂಸು ಆಲು ಕುಡೀತಾ ಅದೆ."