ಡಬ್ಬಿಗೆ ಬಂದ ಜ್ವರ

ಮನೆಯೊಳಗೆ ಕೂಸು ಇದ್ದರೆ ನಗುವ ಪ್ರಸಂಗಗಳಿಗೆ ಕೊರತೆ ಇರುವುದಿಲ್ಲ. ನಮ್ಮ ಮನೆಯ ಕೂಸು ದೊಡ್ಡದಾಗಿ ಕಾಲೇಜಿಗೆ ಹೋಗುವ ಹೊತ್ತಿಗೆ ಕಂಪ್ಯೂಟರ್ ಬಂತು, ಎಲ್ಲವೂ ಮೊದಲಿನಿಂದ ಶುರುವಾಯಿತು. ಅದೂ ಕೂಸಿನಂತೆಯೇ. ಯಾಕೆ ಮುನಿಸಿಕೊಂಡಿದೆ ಎಂದು ಯಾರಿಗೂ ತಿಳಿಯುವುದಿಲ್ಲ, ಮೈ ಬಿಸಿಯಾದರೆ ಮನೆಮಂದಿಯೆಲ್ಲ ಡಾಕ್ಟರಾಗುತ್ತಾರೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ನನ್ನ ನೌಕರಿ ಕಮಲಾಪುರದ ಒಂದು ಕಚೇರಿಯಲ್ಲಿ. ಮಗಳದು ಬಿ.ಎಸ್ಸಿ. ಕೊನೆಯ ವರ್ಷ. ದೀಪಾವಳಿ ಮುಗಿದ ಕೂಡಲೇ ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಪೂರ್ತಿ ಆ ಕಂಪ್ಯೂಟರ್ ಡಬ್ಬಿಯ ಹೊಟ್ಟೆಯೊಳಗಿತ್ತು. ಫ್ಲಾಪಿಯಲ್ಲಿ ಹಿಡಿಸುವಷ್ಟು ಸಣ್ಣದಲ್ಲವಂತೆ. ಡಬ್ಬಿ ಕೆಟ್ಟರೆ ಹುಡುಗಿಯ ವರ್ಷವೇ ಕೆಟ್ಟಂತೆ. ಹೀಗಾಗಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವನು ನಾನು ಮಗಳನ್ನು ಮೊದಲು ಕೇಳುತ್ತಿದ್ದ ಮಾತು, "ಡಬ್ಬಿ ಆರಾಮ ಅದ ಏನವ್ವ?"

ತೊಂಬತ್ತೆಂಟು

ಡಬ್ಬಿ ಜೋಡಿಸಿಕೊಟ್ಟ ಮೆಕ್ಯಾನಿಕ್ ಒಂದು ದಿನ ಬಂದು, ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣುವಂತೆ ಮಾಡಿದ. "ಇದು ಪ್ರೊಸೆಸರ್ ಟೆಂಪರೇಚರ್ ರೀ ಕಾಕಾ. ಪ್ರೊಸೆಸರ್ ಅಂದ್ರ ಇದರ ದಿಮಾಗ್, ಮಿದುಳು ಅನ್ರಿ. ಅದರ ಮ್ಯಾಲ ಜರಾ ನಿಗಾ ಇಡ್ರಿ" ಎಂದ. ಎಷ್ಟಿರಬೇಕು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮರುದಿನ ಮಗಳು ಡಬ್ಬಿ ಚಾಲೂ ಮಾಡಿ ಸ್ನಾನಕ್ಕೆ ಹೋಗಿದ್ದಳು. ನಾನು ನಿಗಾ ಇಡಲು ಹೋಗಿ ನೋಡಿದರೆ ನಲವತ್ತೆಂಟು! ನಮಗೆ ಗೊತ್ತಿದ್ದ ಟೆಂಪರೇಚರ್ ಒಂದೇ, ಡಾಕ್ಟರ್ ಬಾಯಿಯೊಳಗೆ ಇಡುವ ಕಡ್ಡಿಯದು. ಅದರಲ್ಲಿ ತೊಂಬತ್ತೆಂಟಿದ್ದರೆ ಆರಾಮ, ನೂರಾ ಮೂರಾದರೆ ಜ್ವರ. ನಲವತ್ತೆಂಟಕ್ಕೆ ಇಳಿದ ಮನುಷ್ಯನಿಗೆ ಡಾಕ್ಟರನ್ನಲ್ಲ, ಮಠದ ಅಯ್ಯನವರನ್ನು ಕರೆಸಬೇಕು.

ನಮ್ಮ ಅವ್ವ ಕೇಳಿ ಓಡಿ ಬಂದಳು. "ಅಯ್ಯ ನನ್ನ ಶಿವನೇ, ಮೈ ತಣ್ಣಗ ಆಗ್ಯಾದ! ನಿಂತು ಏನ್ ನೋಡ್ತಿ? ಕೌದಿ ಹೊಚ್ಚು."

ಅವಳೇ ಹೊಲಿದ ದಪ್ಪ ಕೌದಿಯನ್ನು ನಾಲ್ಕು ಕಡೆಯಿಂದ ಒತ್ತಿ ಹೊಚ್ಚಿದೆವು. ಅಂಕಿ ಮೆಲ್ಲಗೆ ಏರತೊಡಗಿತು. ಐವತ್ತೈದು, ಅರವತ್ತು, ಅರವತ್ತೇಳು. "ಜೀವ ಬಂತು ನೋಡು" ಎಂದು ಅವ್ವ ಕೈ ಮುಗಿದಳು. ಎಪ್ಪತ್ತೆರಡಾದಾಗ ಒದ್ದೆ ಕೂದಲಲ್ಲಿ ಹೊರಗೆ ಬಂದ ಮಗಳು ಅಜ್ಜಿಯನ್ನೂ ನನ್ನನ್ನೂ ನೋಡಿ ಚೀರಿದಳು. "ಆಯಿ! ಅಪ್ಪಾ! ಅದು ಸೆಂಟಿಗ್ರೇಡ್ ಲೆಕ್ಕ! ಸುಮ್ಮ ಇದ್ದಾಗ ನಲವತ್ತು ಐವತ್ತು ಇರತದ, ಕೆಲಸ ಮಾಡುವಾಗ ಅರವತ್ತರ ಆಜೂಬಾಜೂ. ಎಪ್ಪತ್ತು ದಾಟಿದ್ರ ಎಚ್ಚರ ಇರಬೇಕು. ಎಂಬತ್ತು ದಾಟಿದ್ರ ತಾನೇ ಬಂದ್ ಆಗತದ, ದಿನಾ ಹಂಗೇ ಆದ್ರ ಸುಟ್ಟೇ ಹೋಗತದ!"

ಕೌದಿ ಕಿತ್ತು ಒಗೆದಳು. ಅವ್ವನಿಗೆ ಸಿಟ್ಟು ಬಂತು. "ಇನ್ನೊಂದು ಗಳಿಗಿ ತಡದಿದ್ರ ತೊಂಬತ್ತೆಂಟಕ್ಕ ಬರತಿತ್ತು. ನಾರ್ಮಲ್ ಆಗೂ ಹೊತ್ತಿನಾಗೇ ಕೌದಿ ಕಿತ್ತಳು ನೋಡು!"

ವಾರಿಗೆಯವರು

ನಮ್ಮ ಕಡೆಯ ಬೇಸಿಗೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿದ್ದದ್ದು ಒಂದೇ ಕೂಲರ್. ಆ ವರ್ಷ ಅದರ ಮುಖ ಮನುಷ್ಯರ ಕಡೆ ತಿರುಗಲಿಲ್ಲ, ಡಬ್ಬಿಯ ಕಡೆಯೇ ಇತ್ತು. ಗಾಳಿ ಬೇಕಾದವರು ಡಬ್ಬಿಯ ಹಿಂದೆ ಹೋಗಿ ನಿಂತು, ಅದು ಬಿಟ್ಟ ಪ್ರಸಾದವನ್ನು ಪಡೆಯಬೇಕು.

ಅಂಥ ಒಂದು ಮಧ್ಯಾಹ್ನ ಮಹಾಗಾಂವದಿಂದ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ಟೆಂಪೋದಲ್ಲಿ ನಿಂತುಕೊಂಡೇ ಬಂದಿದ್ದ. ತಂಬಿಗೆ ನೀರು ಕುಡಿದು, ತಲೆಯ ಪಟಕಾ ಬಿಚ್ಚಿ ಬೆವರು ಒರೆಸಿಕೊಂಡು, "ಅದನ್ನ ಜರಾ ಇತ್ತಕಡಿ ತಿರುಗಸವ್ವ" ಎಂದು ಕೂಲರಿನತ್ತ ಕೈ ಮಾಡಿದ.

ಮಗಳು ಬಹಳ ವಿನಯದಿಂದ ಹೇಳಿದಳು. "ಇಲ್ರಿ ದೊಡ್ಡಪ್ಪಾ, ಅದಕ್ಕ ಈಗ ಅರವತ್ತೆಂಟು ಆಗ್ಯಾದ."

ಅಣ್ಣ ಡಬ್ಬಿಯನ್ನು ಮೇಲಿಂದ ಕೆಳಗೆ ನೋಡಿದ. "ನನಗೂ ಈ ಶ್ರಾವಣಕ್ಕ ಅರವತ್ತೆಂಟೇ ತುಂಬತಾವ. ಇಬ್ಬರೂ ವಾರಿಗಿಯವರೇ ಆದ್ವಿ. ತಿರುಗಸು."

ಎ.ಸಿ.ಗೆ ತ್ರಾಸ

ಅದೇ ದಿನಗಳಲ್ಲಿ ಕಮಲಾಪುರದ ನಮ್ಮ ಕಚೇರಿಗೂ ಒಂದು ಕಂಪ್ಯೂಟರ್ ಬಂತು. ಮನೆಯಲ್ಲಿ ಡಬ್ಬಿ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಸಾಹೇಬರು ಕರೆದು ಕೇಳಿದರು, "ಇದಕ್ಕ ಸೆಕೆ ಆಗಿಬರತದೇನ್ರೀ?"

ನಾನು ಮಗಳಿಂದ ಕಲಿತದ್ದನ್ನೆಲ್ಲ ಒಪ್ಪಿಸಿದೆ. ನಲವತ್ತು, ಅರವತ್ತು, ಎಂಬತ್ತು. ಸಾಹೇಬರು ಕಣ್ಣರಳಿಸಿ ಕೇಳಿ, ಸರಕಾರದ ಸೊತ್ತು ಸುಡಬಾರದೆಂದು ಮೇಲಿನವರಿಗೆ ಹೇಳಿ, ಒಂದು ಎ.ಸಿ. ಮಂಜೂರು ಮಾಡಿಸಿಕೊಂಡರು. ಅದನ್ನು ಕೂಡಿಸಲು ಗಟ್ಟಿ ಗೋಡೆ ಇದ್ದದ್ದು ಅವರ ಕೋಣೆಯಲ್ಲಿ ಮಾತ್ರ. ಆದ್ದರಿಂದ ಕಂಪ್ಯೂಟರನ್ನೂ ಅಲ್ಲೇ ಇಟ್ಟರು. ಏನೇ ಅನ್ನಿ, ಒಳ್ಳೆಯ ಏರ್ಪಾಟು ಎನಿಸಿತು.

ಒಂದು ವಾರ ಕಳೆದು ನೋಡುತ್ತೇನೆ, ಕಂಪ್ಯೂಟರ್ ಹೊರಗೆ ವರಾಂಡದಲ್ಲಿ, ತಗಡಿನ ಕೆಳಗೆ, ನೀರಿನ ಕೊಡದ ಪಕ್ಕ ಕುಳಿತಿದೆ. ಜವಾನನನ್ನು ಕೇಳಿದೆ, "ಇದು ಯಾಕಪ್ಪ ಹೊರಗ ಬಂತು?"

ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಇದು ಬಿಸಿ ಗಾಳಿ ಬಿಡತದಂತ್ರಿ. ಅದರಿಂದ ಎ.ಸಿ.ಗೆ ಭಾಳ ತ್ರಾಸ ಆಗತದಂತ."

ಬಂಗಾರ ಕೊಡದವರು

ದಸರೆ ಬಂತು. ಆಯುಧಪೂಜೆಯ ದಿನ ಅವ್ವ ಊದಿನಕಡ್ಡಿ ಹಿಡಿದು ಡಬ್ಬಿಯತ್ತ ಹೊರಟಾಗ ಮಗಳು ಅಡ್ಡ ನಿಂತಳು. ಹೊಗೆ, ಬೂದಿ ಯಾವುದೂ ಒಳಗೆ ಹೋಗಬಾರದು. ವಿಭೂತಿ ಹಚ್ಚಿ ಚೆಂಡುಹೂ ಇಡುವುದಕ್ಕೆ ಮಾತ್ರ ಅಪ್ಪಣೆ ಸಿಕ್ಕಿತು. "ದಿನಾ ದುಡಿಸ್ಕೋತಾರ, ಹಬ್ಬದ ದಿನ ಒಂದು ಊದಿನಕಡ್ಡಿಗೆ ಗತಿ ಇಲ್ಲ" ಎಂದು ಅವ್ವ ಗೊಣಗುತ್ತಲೇ ಇದ್ದಳು.

ಮರುದಿನ ಸಂಜೆ ಬನ್ನಿ. ನಮ್ಮಲ್ಲಿ ಆ ಸಂಜೆ ಬನ್ನಿ ಎಲೆಯೇ ಬಂಗಾರ. ಬಂಗಾರ ತಗೊಂಡು ಬಂಗಾರದಂಗ ಇರೋಣ ಎಂದು ಒಬ್ಬರು ಕೊಟ್ಟರೆ ಇನ್ನೊಬ್ಬರು ತಿರುಗಿ ಕೊಡಲೇಬೇಕು. ಈ ವಿಷಯದಲ್ಲಿ ಅವ್ವ ಬಹಳ ಕಟ್ಟುನಿಟ್ಟು. ಎಲ್ಲರೂ ಕೊಟ್ಟು, ಕಾಲಿಗೆ ಬಿದ್ದು, ಊಟಕ್ಕೆ ಕುಳಿತಾಗ ಅವಳು ಹೋಳಿಗೆ ಮುರಿಯುತ್ತ ಅಂದಳು, "ಎಲ್ಲಾರಿಗೂ ಬಂಗಾರ ಕೊಟ್ಟೆ, ಎಲ್ಲಾರೂ ತಿರುಗಿ ಕೊಟ್ಟರು. ಈ ಮನ್ಯಾಗ ಒಬ್ಬರು ಮಾತ್ರ ಕೊಡಲಿಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಕೊಟ್ಟದ್ದು ನನಗೆ ನೆನಪಿತ್ತು. ಆದರೂ ಹಬ್ಬದ ದಿನ ವಾದ ಬೇಡವೆಂದು, ಕೈ ತೊಳೆದು ಬಂದು ಮತ್ತೊಮ್ಮೆ ಕೊಟ್ಟು ಕಾಲಿಗೆ ಬಿದ್ದೆ. ನನ್ನ ಹಿಂದೆ ಹೆಂಡತಿ, ಅವಳ ಹಿಂದೆ ಮಗಳು. ಮಹಡಿಯ ಮೇಲೆ ಬಾಡಿಗೆಗಿದ್ದ ಮಾಸ್ತರರನ್ನೂ ಸಂಶಯದ ಮೇಲೆ ಕರೆಸಿದೆವು. ಅವರೂ ಇನ್ನೊಮ್ಮೆ ಕೊಟ್ಟರು.

ಅವ್ವ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟಳು. "ನಿಮ್ಮದೇನದ, ನೀವು ಎರಡೆರಡು ಸರ್ತಿ ಕೊಟ್ರಿ. ಕೊಡದವರು ಇನ್ನೂ ಸುಮ್ಮನೇ ಕುಂತಾರ."

ದಿಮಾಗಿನೊಳಗೆ ಸಿಕ್ಕಿದ್ದು

ದಸರೆ ಕಳೆದು ಬೆಳಗಿನ ಹೊತ್ತು ಚಳಿ ಬೀಳತೊಡಗಿತ್ತು. ಬೇಸಿಗೆಯಲ್ಲಿ ಅರವತ್ತೆಂಟು ದಾಟದ ಡಬ್ಬಿ ಈಗ ಎಪ್ಪತ್ತೈದು, ಎಪ್ಪತ್ತೊಂಬತ್ತು, ಎಂಬತ್ತೊಂದು ತೋರಿಸಿ ಟಪ್ಪೆಂದು ಬಂದ್ ಆಗತೊಡಗಿತು. ನಾವು ಸ್ವೆಟರ್ ಹಾಕಿಕೊಂಡು ಕುಳಿತಿದ್ದೇವೆ, ಅದು ಕುದಿಯುತ್ತಿದೆ. ಒಳಗಿಂದ ಕಟಕಟ ಸಪ್ಪಳ ಬೇರೆ. ಮಗಳು ಎರಡು ಸಾಲು ಟೈಪ್ ಮಾಡುವಳು, ಪರದೆ ಕಪ್ಪಾಗುವುದು. ದೀಪಾವಳಿ ಮುಂದೆ ನಿಂತಿತ್ತು. ಅವಳು ಊಟ ಬಿಟ್ಟಳು. ನಾನು ಸೋಮವಾರ ಒಪ್ಪತ್ತು ಹಿಡಿದೆ. ಪ್ರೊಸೆಸರ್ ತಣ್ಣಗಾಗಲೆಂದು ಒಪ್ಪತ್ತು ಹಿಡಿದವನು ಇಡೀ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ಮೆಕ್ಯಾನಿಕ್ ಬಂದ. ಡಬ್ಬಿಯ ಮೇಲೆ ಕೈ ಇಟ್ಟು, ತೆಗೆಯುವ ಮೊದಲೇ ತೀರ್ಪು ಕೊಟ್ಟ. "ಖತಂ ರೀ ಕಾಕಾ. ಪ್ರೊಸೆಸರ್ ಹೋಗ್ಯಾದ. ಹೊಸಾದೇ ಹಾಕಬೇಕು."

ಮಗಳ ಕಣ್ಣು ತುಂಬಿದವು. "ಮೊದ್ಲ ತಗದು ನೋಡ್ರಿ ಅಣ್ಣಾ" ಎಂದಳು.

ಅವನು ಒಲ್ಲದ ಮನಸ್ಸಿನಿಂದ ತಿರುಪು ಬಿಚ್ಚಿ ಪಕ್ಕದ ತಗಡು ತೆಗೆದ. ಪ್ರೊಸೆಸರ್ ಮೇಲಿನ ಸಣ್ಣ ಫ್ಯಾನಿನೊಳಗೆ ಬೆರಳು ಹಾಕಿದವನು ಹಾಗೇ ನಿಂತ. "ಇದೇನ್ರಿ ಇದು?" ಎಂದು ಚಿಮಟಿಗೆಯಿಂದ ಒಂದೊಂದಾಗಿ ಎಳೆದು ಅಂಗೈಯಲ್ಲಿ ಇಟ್ಟುಕೊಂಡ. ಒಣಗಿದ ಎಲೆಗಳು! ರೆಕ್ಕೆಗೆ ಸಿಕ್ಕಿಕೊಂಡು ಫ್ಯಾನನ್ನು ತಿರುಗಲು ಬಿಟ್ಟಿರಲಿಲ್ಲ.

"ಡಬ್ಬಿಯೊಳಗ ಗಿಡ ಎಲ್ಲಿಂದ ಬಂತು?" ಎಂದೆ ನಾನು.

ಅವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಗಿಡ ಅಲ್ಲೋ, ಬಂಗಾರ! ನಾನೇ ಕೊಟ್ಟಿದ್ದೆ. ಎಲ್ಲಾರಿಗೂ ಕೊಟ್ಟೆ, ಇದೊಂದು ಏನ್ ಪಾಪ ಮಾಡಿತ್ತು? ಕೈ ಅಂತೂ ಇಲ್ಲ. ಪಕ್ಕದಾಗ ತೂತು ಇದ್ದವು, ಒಂದೊಂದೇ ಒಳಗ ಹಾಕಿದೆ."

ಮೆಕ್ಯಾನಿಕ್ ತನ್ನ ತೀರ್ಪನ್ನು ನುಂಗಿಕೊಂಡು, ಫ್ಯಾನ್ ಝಾಡಿಸಿ, ಡಬ್ಬಿ ಚಾಲೂ ಮಾಡಿದ. ಎಲ್ಲರೂ ಮೂಲೆಯ ಅಂಕಿಯನ್ನೇ ನೋಡುತ್ತ ನಿಂತೆವು. ಐವತ್ತೆರಡು. ಐವತ್ತು. ಅಲ್ಲಿಗೇ ನಿಂತಿತು. ಪ್ರಾಜೆಕ್ಟ್ ತೆರೆದುಕೊಂಡಿತು, ಒಂದಕ್ಷರವೂ ಹೋಗಿರಲಿಲ್ಲ. ಮಗಳು ಅಳುತ್ತಲೇ ನಗತೊಡಗಿದಳು. "ಆಯಿ, ಇನ್ನ ಮ್ಯಾಲ ಇದಕ್ಕ ಏನೂ ಕೊಡಬ್ಯಾಡ ನೀನು!"

ಅವ್ವನ ಲಕ್ಷ್ಯ ಅಲ್ಲಿರಲಿಲ್ಲ. ಮೆಕ್ಯಾನಿಕನ ಅಂಗೈಯಲ್ಲಿದ್ದ ಎಲೆಗಳನ್ನು ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಜೋಪಾನವಾಗಿ ಸೆರಗಿಗೆ ಕಟ್ಟಿದಳು.

"ಅಂತೂ ತಿರುಗಿ ಕೊಟ್ತು ನೋಡು" ಎಂದಳು. "ಆದ್ರ ಬರೂ ದಸರಾಕ್ಕ ಇಷ್ಟು ತಡಾ ಮಾಡಬ್ಯಾಡ ಅಂತ ಅದಕ್ಕ ಹೇಳವ್ವ."