ಕುರ್ಚಿಗಾಗಿ ಕಲಿತ ಮೆತ್ತನೆಯ ಇಂಗ್ಲಿಷ್

ಬಾಯಿ ಬಿಡಲು ನಾಚುವವಳು ಹೊಸ ಮಾತು ಕಲಿತರೆ ಸುತ್ತಲಿನವರಿಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ನನಗೆ ಇದು ತಪ್ಪದೆ ಆಗುತ್ತಲೇ ಇರುತ್ತದೆ. ನಾನು ಓದಿದ್ದು ಮೂರನೆಯ ತರಗತಿ. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ದಿನವಿಡೀ ನಿಂತು ದಾರದ ತುದಿ ಕತ್ತರಿಸುತ್ತಿದ್ದವಳು. ಮೊಣಕಾಲುಗಳು ಸೋತಿದ್ದವು. ಕುಳಿತು ಮಾಡುವ ಕೆಲಸವಿರುವುದು ಮಾದರಿ ತೋರಿಸುವ ಮೇಜಿನಲ್ಲಿ ಮಾತ್ರ. "ಅಲ್ಲಿಗೆ ಹೊರಗಿನ ವ್ಯಾಪಾರಿಗಳು ಬರ್ತಾರಕ್ಕಾ. ನಾಕು ಮಾತು ಇಂಗ್ಲಿಷ್ ಬಂದೋರಿಗೆ ಆ ಕುರ್ಚಿ" ಎಂದರು ಮಾಲೀಕರು. ನಾನು ಕೌಲ್ ಬಜಾರಿನ ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದೆ.

೧. ಸುತ್ತಿ ಕೇಳುವ ಕ್ರಮ

ಟೀಚರು ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. "ಇಂಗ್ಲಿಷಿನೋರು ನೇರ ಕೇಳಂಗಿಲ್ರಿ. 'ಐ ವಾಸ್ ವಂಡರಿಂಗ್ ಇಫ್' ಅಂತಾರ. ಅಂದ್ರ, ನೀವು ಕೊಡ್ತೀರೇನೋ ಅಂತ ಯೋಚ್ನಿ ಮಾಡಾಕತ್ತಿದ್ದೆ, ಅಂತ" ಎಂದು ಕಲಿಸಿದರು.

ಕುರುಗೋಡಿನಿಂದ ಬರುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. "ನೀರು ಬೇಕಾದ್ರೂ ಹಿಂಗಾ?"

"ನೀರು ಬೇಕಾದ್ರೂ ಹಿಂಗ."

"ಮೇಡಂ, ನಮ್ಮೂರಾಗ ಹಿಂಗ ಯೋಚ್ನಿ ಮಾಡ್ಕೊಂತ ಬಾಗಿಲದಾಗ ನಿಂತ್ರ, ನೀರು ಕೊಡಂಗಿಲ್ಲ. ಮೊದ್ಲು ಹೊರಗಿನ ಕೊಡಾ ಒಳಗ ಇಡ್ತಾರ್ರಿ."

೨. ಅಡುಗೆಮನೆಯ ಅಭ್ಯಾಸ

ಮುಂದಿನ ಪಾಠ, ಹಿಂದೆ ಇದ್ದು ಈಗ ಇಲ್ಲದ್ದನ್ನು ಹೇಳುವ ರೀತಿ. ನಾನು ರೊಟ್ಟಿ ತಟ್ಟುತ್ತಾ, "ಐ ಯೂಸ್ಡ್ ಟು ಬಿ ಅಫ್ರೇಡ್, ಬಟ್ ನೌ ಐ ಆಮ್ ನಾಟ್" ಎಂದು ಹೇಳಿಕೊಳ್ಳುತ್ತಿದ್ದೆ. ಆಟೋ ಓಡಿಸುವ ನನ್ನ ಯಜಮಾನರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು, ಶಾಲೆಗೆ ಹೋಗುವ ಮಗಳನ್ನು ಗುಟ್ಟಾಗಿ ವಿಚಾರಿಸಿದರು.

"ಮೊದ್ಲು ಅಂಜತಿದ್ಲಂತ, ಈಗ ಅಂಜಂಗಿಲ್ಲಂತ" ಎಂದಳು ಮಗಳು.

"ಯಾರಿಗೆ?"

"ಅದನ್ನ ಹೇಳವಲ್ಲಳಪ್ಪಾ."

ಅಂದು ಅವರು ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟರು. ಆ ವಾಕ್ಯ ನಮ್ಮ ಓಣಿಯ ನಾಯಿಯನ್ನು ಕುರಿತದ್ದೆಂದು ನಾನು ಇಂದಿಗೂ ತಿಳಿಸಿಲ್ಲ.

೩. ಮಾಲೀಕರ ಮುಂದೆ

ಹಬ್ಬದ ಸೀಜನ್ನಿನಲ್ಲಿ ಒಂದು ಘಟಕದವರು ಇನ್ನೊಂದರ ಕೆಲಸಗಾರರನ್ನು ಸೆಳೆದುಕೊಳ್ಳುವುದುಂಟು. ಬಿಟ್ಟುಹೋಗುವವರು ಹಿಂದಿನ ದಿನ ಮಾಲೀಕರೊಡನೆ ಬಹಳ ವಿನಯದಿಂದ ಮಾತನಾಡುವುದು ನಮ್ಮಲ್ಲಿ ವಾಡಿಕೆ. ಕಲಿಕೆಯ ಗಡಿಬಿಡಿಯಲ್ಲಿ ನಾನು ಇದನ್ನು ಮರೆತಿದ್ದೆ. ಸರಿಯಾಗಿ ಆ ದಿನಗಳಲ್ಲೇ ಮಾಲೀಕರ ಕೋಣೆಗೆ ಹೋಗಿ, ತಲೆ ತಗ್ಗಿಸಿ, "ಸರ್, ವುಡ್ ಇಟ್ ಬಿ ಪಾಸಿಬಲ್..." ಎಂದೆ. ಮುಂದಿನದು ಮರೆತುಹೋಯಿತು.

ಮಾಲೀಕರು ಎದ್ದು ಬಾಗಿಲು ಮುಂದಕ್ಕೆಳೆದರು. "ಅಕ್ಕಾ, ಖರೇ ಹೇಳ್ರಿ. ಯಾರು ಕರದಾರ ನಿಮ್ಮನ್ನ?"

ನಾನು ಮರೆತ ಪದವನ್ನು ಹುಡುಕುತ್ತಾ ಛಾವಣಿ ನೋಡಿದೆ.

"ಹೇಳಂಗಿಲ್ಲಾ? ಹೋಗ್ಲಿ ಬಿಡ್ರಿ. ಇಷ್ಟು ವರ್ಷದ ಕೈ ನಿಮ್ದು, ಬಿಡಾಕಾಗಂಗಿಲ್ಲ." ಅವರೇ ಹೋಗಿ ಮಾದರಿ ಮೇಜಿನ ಕುರ್ಚಿ ಎಳೆದು, ತಮ್ಮ ಕರವಸ್ತ್ರದಿಂದ ಧೂಳು ಕೊಡವಿದರು. "ಕುಂದರ್ರಿ. ನಾಳಿಯಿಂದಲ್ಲ, ಈಗ್ಲೇ."

ಕುಳಿತೆ. ಕಾಲುಗಳು ಹಗುರಾದವು. ಕೃತಜ್ಞತೆ ಹೇಳಬೇಕೆನಿಸಿತು. ಆದರೆ ಗಾಬರಿಯಲ್ಲಿ ನಾಲಿಗೆಗೆ ಬಂದದ್ದು ಪಾಠದ ಇನ್ನೊಂದು ಸಾಲು: "ಇಫ್ ಯು ಡೋಂಟ್ ಮೈಂಡ್, ಸರ್..."

ಮಾಲೀಕರು ಎರಡೂ ಕೈ ಮುಗಿದರು.

"ಸಾಕು ಬಿಡಕ್ಕಾ! ಫ್ಯಾನೂ ಹಾಕಿಸ್ತೀನಿ."